ಬಲಗೆನ್ನೆ

“ಸ್ವಲ್ಪ ಎತ್ತಿ ಹಿಡ್ಕೊಳ್ರಪ್ಪ, ಹೊಸ್ತಿಲಿಗೆ ತಾಗುತ್ತೆ” ಎನ್ನುತ್ತ ಸ್ಟುಡಿಯೋದ ಸೆಟ್ಟಿನ ಕೆಲಸದವರು ಮಂಚವನ್ನು ಒಳಕೋಣೆಯಿಂದ ಹಜಾರಕ್ಕೆ ತಂದರು. ಬಾಗಿಲಿಗೆ ಅಡ್ಡವಾಗಿ, ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟರು. ಒಬ್ಬ ಹೊದಿಕೆ ಸರಿಮಾಡಿದ. ಇನ್ನೊಬ್ಬ ದಿಂಬನ್ನು ಒತ್ತಿ ಮುಖವನ್ನು ಒಂಚೂರು ಬಾಗಿಲ ಕಡೆಗೆ ವಾಲಿಸಿದ. ಹೀಗಿಡಿ ಹಾಗಿಡಿ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಮಗಳು ಗೋಡೆಗೊರಗಿ ನೋಡುತ್ತಿದ್ದಳು. ಅಮ್ಮನ ಎಡಗೆನ್ನೆ ಬಾಗಿಲಿಗೆ, ಬಲಗೆನ್ನೆ ಗೋಡೆಗೆ. ಪುಣ್ಯಾತ್ಮರು ಸತ್ತವಳಿಗೂ ಶಾಟ್ ಇಟ್ಟಿದ್ದರು.

ಇದು ಸರಿಯಲ್ಲ ಎನ್ನಲು ಬಾಯಿ ತೆರೆದಳು. ಹಾಗೇ ಮುಚ್ಚಿಕೊಂಡಳು. ತಲೆ ನರೆತಿದ್ದರೂ ಈ ಮಗಳು ಜನ್ಮದಲ್ಲಿ ಯಾರಿಗೂ ಇಲ್ಲ ಎಂದವಳಲ್ಲ. ಆ ಮನೆಗೆ ಬೇಕಾದ ಇಲ್ಲಗಳನ್ನೆಲ್ಲ ಅಮ್ಮನೇ ಹೇಳಿ ಮುಗಿಸುತ್ತಿದ್ದಳು. “ನಾನು ಊಹೂಂ, ನನ್ನ ಮಗಳು ಹೂಂ” ಎಂದು ಬಂದವರ ಮುಂದೆಲ್ಲ ನಗಾಡಿ ನಗಾಡಿ, ಕೊನೆಗೆ ಅದೇ ಹೆಸರಾಗಿ ನಿಂತಿತ್ತು. ಸ್ಟುಡಿಯೋದ ಹಳಬರಿಗೆಲ್ಲ ಅವಳು ಹೂಂ.

ಅಮ್ಮನಿಗೆ ಎಷ್ಟೋ ಚಿತ್ರಗಳಲ್ಲಿ ನಾಯಕನಾಗಿದ್ದ ಮುದುಕ ಕೋಲೂರಿಕೊಂಡು ಬಂದ. ಎಡಗಿವಿಯಲ್ಲಿದ್ದ ಕೇಳುವ ಮಷೀನು ಯಾರಿಗೂ ಕಾಣದಂತೆ ಮಫ್ಲರ್ ಸುತ್ತಿಕೊಂಡಿದ್ದ. ಚೆಲುವ ಎಂಬ ಹೆಸರನ್ನು ಅವನಿನ್ನೂ ಬಿಟ್ಟುಕೊಟ್ಟಿರಲಿಲ್ಲ. ಮಂಚದ ಪಕ್ಕ ಕುರ್ಚಿ ಹಾಕಿಸಿ, ಅವಳ ಮುಖದ ಕಡೆ ತಿರುಗಿ ಕೂತ.

“ನೋಡು ಹೂಂ, ಇವತ್ತೂ ಹಾಗೇ” ಎಂದ, ಕಿವುಡರ ಎತ್ತರದ ದನಿಯಲ್ಲಿ. “ನೋಡೋರಿಗೆ ಇವಳ ಎಡಗೆನ್ನೆ, ನನ್ನ ಬಲಗೆನ್ನೆ. ಇವಳ ಜತೆ ಮಾಡಿ ಮಾಡಿ ನನಗೆ ಎಡಗಿವಿ ಇದೆಯೋ ಇಲ್ಲವೋ ಅಂತ ನನ್ನ ಅಭಿಮಾನಿಗಳಿಗೇ ಗೊತ್ತಿಲ್ಲ.”

ಅಳುತ್ತಿದ್ದವರೂ ನಕ್ಕರು. ಮಗಳಿಗೆ ನಗು ಬರಲಿಲ್ಲ.

* * *

ಎಷ್ಟೋ ವರ್ಷಗಳ ಹಿಂದೆ, ಅಮ್ಮ ಆಗಷ್ಟೇ ಸಿನಿಮಾದಲ್ಲಿ ಹೆಸರು ಮಾಡುತ್ತಿದ್ದ ಹುಡುಗಿ. ತಲೆಯ ಮೇಲಿನ ದೊಡ್ಡ ದೀಪ ಬೆಳಗಿನಿಂದ ಉರಿದು ಕೆಂಡವಾಗಿತ್ತು. “ಅದು ಸುಂಯ್ ಅಂತಿದೆ, ಆರಿಸಿ” ಎಂದಳು. “ಇನ್ನೊಂದೇ ಒಂದು ಟೇಕು” ಎಂದರು ಸ್ಟುಡಿಯೋದ ದೊಡ್ಡ ಧಣಿ. ಆ ಟೇಕಿನ ನಡುವೆ ಗಾಜು ಸಿಡಿಯಿತು. ಬಲಗೆನ್ನೆ ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಸುಟ್ಟುಹೋಯಿತು.

ತೆರೆಗೆ ಬೇಕಾದ್ದು ಮುಖ, ನೀನು ಮನೆಯಲ್ಲಿ ಸುಧಾರಿಸಿಕೊ ಎಂದು ಧಣಿ ಹೇಳಿಕಳಿಸಿದರು. ಅವಳು ಬ್ಯಾಂಡೇಜು ಕಟ್ಟಿಕೊಂಡೇ ಸೆಟ್ಟಿಗೆ ನಡೆದುಬಂದಳು.

“ಎಡಗೆನ್ನೆ ನೆಟ್ಟಗಿದೆಯಲ್ಲ, ಕ್ಯಾಮೆರಾ ಅಲ್ಲಿಡಿ. ಆಗಲ್ಲ ಅಂದ್ರೆ ಬಲಗಡೆಯಿಂದಲೇ ತೆಗೀರಿ. ನನಗೇನೂ ನಾಚಿಕೆಯಿಲ್ಲ. ನಾಚಿಕೆ ಆಗಬೇಕಾದ್ದು ನಿಮಗೆ.”

ಕ್ಯಾಮೆರಾ ಎಡಗಡೆಗೆ ಬಂತು, ಅಲ್ಲೇ ಬೇರೂರಿತು. ಅವಳ ಚಿತ್ರವೆಂದರೆ ಬಡಗಿಗಳು ಬಾಗಿಲು, ಕಿಟಕಿ, ಮೆಟ್ಟಿಲುಗಳನ್ನೆಲ್ಲ ಅದಕ್ಕೆ ಹೊಂದಿಸಿಯೇ ಕಟ್ಟುತ್ತಿದ್ದರು. ಅಪ್ಪಿತಪ್ಪಿ ಬಲಗಡೆ ಕಂಡೀತೆಂದು ಬಣ್ಣದ ಪದರ ಬೇರೆ. ಊರಿನ ಹುಡುಗಿಯರೆಲ್ಲ ಅವಳ ಹಾಗೆ ಕತ್ತು ವಾಲಿಸಿ ನಡೆಯತೊಡಗಿದರು. ಅವಳು ಮಾತ್ರ ಮನೆಗೆ ಬಂದೊಡನೆ ಬಣ್ಣ ಒರೆಸಿ, ಬಲಗೆನ್ನೆಯನ್ನು ಕಿಟಕಿಯ ಬಿಸಿಲಿಗೆ ಕೊಟ್ಟು ಕೂರುತ್ತಿದ್ದಳು. ಮಗಳಿಗೆ ಅಮ್ಮನೆಂದರೆ ಆ ಕೆನ್ನೆಯೇ. ಮಗುವಾಗಿದ್ದಾಗ ಅದನ್ನು ಸವರದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

* * *

ಮುಪ್ಪಿನಲ್ಲಿ ಅಮ್ಮ ಆತ್ಮಕತೆ ಹೇಳಿದಳು, ಮಗಳು ಟೈಪು ಮಾಡಿದಳು. ‘ಬಲಗೆನ್ನೆ’ ಎಂದೇ ಹೆಸರಿಟ್ಟದ್ದೂ ಆಯಿತು. ಪ್ರಕಾಶಕರು ಕಳಿಸಿದ ರಕ್ಷಾಪುಟದ ಮೇಲೆ ಮಾತ್ರ ಅದೇ ಎಡಗೆನ್ನೆ, ಅದೇ ವಾಲಿದ ಕತ್ತು.

“ಇದು ಅವರ ಮುಖ” ಎಂದಳು ಅಮ್ಮ. “ನನ್ನದನ್ನ ಹಾಕಕ್ಕೆ ಹೇಳು.”

“ಅಮ್ಮ, ಅಚ್ಚಾಗಿಬಿಟ್ಟಿದೆಯಂತೆ. ಹೋಗ್ಲಿ, ಹೂಂ ಅಂದ್ಬಿಡು.”

“ಫೋನ್ ಮಾಡು ಅಂದೆ.”

ಮಗಳು ಫೋನ್ ಮಾಡಿದಳು. ಪ್ರಕಾಶಕರ ಆರೋಗ್ಯ ವಿಚಾರಿಸಿದಳು, ಅವರ ಹೆಂಡತಿಯ ಮಂಡಿನೋವು ವಿಚಾರಿಸಿದಳು, ಸರಿ ಸರಿ ಎಂದು ಇಟ್ಟುಬಿಟ್ಟಳು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತಾನೇ ಫೋನೆತ್ತಿ ಅಷ್ಟೂ ರಕ್ಷಾಪುಟವನ್ನು ರದ್ದಿಗೆ ಹಾಕಿಸಿದಳು.

ನಗು ನಿಂತ ಮೇಲೆ ಕೇಳಿದ್ದಳು: “ನಾನು ಹೋದ ಮೇಲೆ ನನ್ನ ಪರವಾಗಿ ಊಹೂಂ ಅನ್ನೋರು ಯಾರೇ?”



* * *

ದೊಡ್ಡ ಧಣಿಯ ಮಗ, ಈಗಿನ ಚಿಕ್ಕ ಧಣಿ, ಟೀವಿಯವರನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಬಂದ. ಹಿಂದೆ ಅಮ್ಮನ ಹಳೆಯ ಮೇಕಪ್‌ನವ, ಕೈಯಲ್ಲಿ ಪೆಟ್ಟಿಗೆ.

“ಮಂಚ ಸರಿಯಾಗೇ ಇಟ್ಟಿದ್ದಾರೆ” ಎಂದ ಚಿಕ್ಕ ಧಣಿ. “ಆದರೂ ಹೊರಗೆ ಒಯ್ಯುವಾಗ ಆ ಕಡೆ ಕಂಡೇ ಕಾಣುತ್ತೆ. ಸ್ವಲ್ಪ ಬಣ್ಣ ಹಾಕ್ಬಿಡಲಿ. ಜನರ ಮನಸ್ಸಲ್ಲಿರೋ ಮುಖ ಹಾಗೇ ಉಳೀಬೇಕು, ಅಲ್ವಾ?”

ಅಭ್ಯಾಸಬಲ. ಮಗಳ ತಲೆ ಹೂಂ ಎನ್ನಲು ಆಗಲೇ ಅರ್ಧ ಬಾಗಿತ್ತು. ಮೇಕಪ್‌ನವ ಮಂಚದ ಆಚೆ, ಗೋಡೆಯ ಕಡೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆರೆದ. ಆ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಅಮ್ಮ ದಿನವೂ ತಿಕ್ಕಿ ತಿಕ್ಕಿ ತೆಗೆಯುತ್ತಿದ್ದ ಬಣ್ಣ. ಇನ್ನು ಒರೆಸಿಕೊಳ್ಳಲು ಅಮ್ಮ ಏಳುವುದಿಲ್ಲ.

“ನೀವು ಅಮ್ಮನ ಪುಸ್ತಕ ಓದಿದ್ದೀರಾ?” ಎಂದಳು.

“ಬಿಡುಗಡೆ ಮಾಡಿದ್ದೇ ನಾನು. ಓದಕ್ಕೆ ಪುರುಸೊತ್ತೆಲ್ಲಿ?”

“ಪೆಟ್ಟಿಗೆ ಮುಚ್ಚಿ, ಮಾವ.”

ಮೇಕಪ್‌ನವ ತಟ್ಟನೆ ಮುಚ್ಚಿದ. “ನಿಮ್ಮಮ್ಮ ಎದ್ದು ಬೈತಾರೆ ಅಂತ ಹೆದರ್ಕೊಂಡೇ ಬಂದೆ, ತಾಯಿ” ಎಂದ.

“ಮಂಚ ತಿರುಗಿಸಿ” ಎಂದಳು ಕೆಲಸದವರಿಗೆ. “ತಲೆ ಆ ಕಡೆ, ಕಾಲು ಈ ಕಡೆ. ಬಲಗೆನ್ನೆ ಬಾಗಿಲಿಗೆ ಬರಲಿ.”

“ಏನಮ್ಮ ಇದು, ಆಚೆ ಕ್ಯಾಮೆರಾ ಇದೆ” ಎಂದ ಚಿಕ್ಕ ಧಣಿ.

“ಆ ಮುಖ ನಿಮ್ಮ ಹತ್ರ ರೀಲುಗಟ್ಟಲೆ ಇದೆ, ಇಟ್ಕೊಳ್ಳಿ. ಇದು ನಮ್ಮನೆ ಮುಖ.”

“ಅವರಂತೂ ಯಾರ ಮಾತೂ ಕೇಳಲಿಲ್ಲ. ನೀವಾದ್ರೂ ಹೂಂ ಅನ್ನಿ.”

“ಊಹೂಂ.”

ಅಮ್ಮನ ಬಾಯಿಂದ ಎಲ್ಲರೂ ಕೇಳಿದ್ದ ಅದೇ ಊಹೂಂ. ಮಗಳಿಗೇ ಒಂದು ಕ್ಷಣ ಮಂಚದ ಕಡೆ ತಿರುಗಿ ನೋಡುವಂತಾಯಿತು.

“ಏನಂದ್ಲು?” ಎಂದು ಮುದಿ ನಾಯಕ ಕಿವಿಗೆ ಕೈ ಹಚ್ಚಿದ.

“ಊಹೂಂ ಅಂದ್ರು” ಎಂದು ಮೇಕಪ್‌ನವ ಕೂಗಿ ಹೇಳಿದ.

“ಯಾರು, ನಮ್ಮ ಹೂಂ ಅಂದ್ಲಾ?” ಮುದುಕ ಕೋಲೂರಿ ಎದ್ದ. “ಹಾಗಾದ್ರೆ ನನ್ನ ಕುರ್ಚಿನೂ ತಿರುಗಿಸ್ರಪ್ಪ.”

ಕೆಲಸದವರು ಧಣಿಯ ಮುಖ ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ನಾಲ್ಕೂ ಮೂಲೆಗೆ ಹೋಗಿ ಮಂಚ ಎತ್ತಿದರು. ಅದು ಹಜಾರದ ನಡುವೆ ನಿಧಾನವಾಗಿ ಸುತ್ತಿತು. ಬಾಗಿಲ ಬಿಸಿಲು ಅಮ್ಮನ ಬಲಗೆನ್ನೆಯ ಮೇಲೆ ಬಿತ್ತು. ಮಗಳು ಬಾಗಿ, ಚಿಕ್ಕಂದಿನ ಹಾಗೆ, ಆ ಗಾಯವನ್ನು ಮೇಲಿಂದ ಕೆಳಗೆ ಒಮ್ಮೆ ಸವರಿದಳು. ಬಾಗಿಲಲ್ಲಿದ್ದವರಿಗೆ ಕಾಣಲೆಂದು ಪಕ್ಕಕ್ಕೆ ಸರಿದು ನಿಂತಳು.

ಮುದಿ ನಾಯಕ ಎಂದಿನಂತೆ ತನ್ನ ನಾಯಕಿಯ ಮುಖದ ಕಡೆ ತಿರುಗಿ ಕೂತ. ಈಗ ಬಾಗಿಲಿಗೆ ಬಂದದ್ದು ಅವನ ಎಡಗಿವಿ. ಮಫ್ಲರನ್ನು ಇನ್ನಷ್ಟು ಮೇಲಕ್ಕೆಳೆಯಲು ಕೈ ತಾನಾಗಿ ಹೋಯಿತು. ಅವಳ ಕೆನ್ನೆಯನ್ನು ನೋಡಿದ. ಕೈ ಅಲ್ಲೇ ನಿಂತಿತು. ಆಮೇಲೆ ಮಫ್ಲರನ್ನು ಬಿಚ್ಚಿ, ಮಡಚಿ ತೊಡೆಯ ಮೇಲಿಟ್ಟುಕೊಂಡು, ಮಷೀನು ಸಿಕ್ಕಿಸಿದ ಕಿವಿಯನ್ನು ಕ್ಯಾಮೆರಾಗಳಿಗೆ ಕೊಟ್ಟು ನೆಟ್ಟಗೆ ಕೂತ.