ಬುಧವಾರದ ಹದಿಮೂರು ಕಿಲೋಮೀಟರು

ಶವಪೆಟ್ಟಿಗೆಯ ಮುಚ್ಚಳವನ್ನು ಇಬ್ಬರು ಎತ್ತಿ ಹಿಡಿದಿದ್ದಾಗ ಸತ್ತವನ ಹೆಂಡತಿ ಫುಮಿಯೆ ಕೇಳಿದಳು, “ಇವತ್ತು ಯಾವ ವಾರ?”

“ಬುಧವಾರ ಕಣಮ್ಮ,” ಎಂದ ಮಗ ಶೋಹೇ.

“ಬುಧವಾರ ವಿಮಾನ ಯಾವ ಕಡೆಯಿಂದ ಸುತ್ತುತ್ತೆ?”

ಮುಚ್ಚಳ ಮೆಲ್ಲಗೆ ಚಾಪೆಗಿಳಿಯಿತು. ಮಂಗಳವಾರ, ಗುರುವಾರ, ಶನಿವಾರ ವಿಮಾನ ನಾಹಾ ನಗರದಿಂದ ಮೊದಲು ಉತ್ತರ ದ್ವೀಪಕ್ಕೆ ಹೋಗಿ, ಆಮೇಲೆ ಈ ದಕ್ಷಿಣ ದ್ವೀಪಕ್ಕೆ ಬರುತ್ತದೆ. ಉಳಿದ ದಿನ ಅದರ ತಿರುಗುಮುರುಗು. ಸತ್ತ ಕಿಯೋಶಿಯ ಅಕ್ಕ, ಎಂಬತ್ತನಾಲ್ಕರ ತೊಮೆ, ಇರುವುದು ಉತ್ತರ ದ್ವೀಪದಲ್ಲಿ. ಬುಧವಾರ ಅಲ್ಲಿಂದ ಇಲ್ಲಿಗೆ ವಿಮಾನವೇ ಇಲ್ಲ. ನಾಳೆಯಿಂದ ಚಂಡಮಾರುತ, ವಿಮಾನವಿಲ್ಲ. ಇವತ್ತು ಎರಡು ಗಂಟೆಗೆ ಚಿತಾಗಾರ ಹೊತ್ತಿಸಲೇಬೇಕು.

“ಇಡೀ ಊರಿಗೆ ವಾರ ಮರೆತುಹೋಯ್ತಲ್ಲ!” ಎಂದ ಶೋಹೇ.

“ಜ್ಞಾಪಿಸೋನೇ ಇಲ್ಲಿ ಮಲಗಿದಾನಲ್ಲ ಮಾರಾಯ,” ಎಂದ ಬಂದರಿನ ಕ್ರೇನ್ ನಡೆಸುವ ನಕಾಮಾ.

*

ಮೂವತ್ತೊಂದು ವರ್ಷ ಕಿಯೋಶಿ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ. ಎರಡು ದ್ವೀಪಗಳ ನಡುವೆ ಹದಿಮೂರು ಕಿಲೋಮೀಟರು. ವೇಳಾಪಟ್ಟಿಯಲ್ಲಿ ಇಪ್ಪತ್ತು ನಿಮಿಷ, ಆಕಾಶದಲ್ಲಿರುವುದು ಎಂಟು. ಹೊರಗಿನಿಂದ ಬಂದ ಎಂಜಿನಿಯರ್ ಒಬ್ಬ ಒಮ್ಮೆ ನಕ್ಕಿದ್ದ: “ಇಷ್ಟು ದೂರಕ್ಕೆ ನಮ್ಮೂರಲ್ಲಿ ಸೈಕಲ್ ತುಳೀತಾರೆ.”

ಕಿಯೋಶಿ ಅವನ ಚೀಲ ತೂಗುತ್ತ ಹೇಳಿದ್ದ, “ಇಲ್ಲಿ ಕಿಲೋಮೀಟರು ಕೇಳಬಾರದು ಸ್ವಾಮಿ. ವಾರ ಕೇಳಬೇಕು.”

*

“ಅಲೆ ಎರಡಾಳೆತ್ತರ ಇದೆ ಅತ್ತೆ!” ಶೋಹೇ ಫೋನಿನಲ್ಲಿ ಕೂಗಿದ.

“ನಾನು ಬರೋದು ಅಲೆ ಮೇಲೆ, ನಿನ್ನ ಬೆನ್ನ ಮೇಲಲ್ಲ. ಮೀನಿನ ದೋಣಿ ಸಿಕ್ಕಿದೆ. ತಮ್ಮನ ಮುಖ ನಾನು ನೋಡೋತನಕ ಮುಚ್ಚಳ ಮುಟ್ಟಿದ್ರೆ ನೋಡು!”

ದ್ವೀಪಕ್ಕೆ ಮರಳದಂಡೆ ಇಲ್ಲ. ಸುತ್ತಲೂ ನೆಟ್ಟಗೆ ನಿಂತ ಬಂಡೆಗೋಡೆ. ದೋಣಿ ದಡ ಮುಟ್ಟುವುದಿಲ್ಲ. ಜನರನ್ನು ಕಬ್ಬಿಣದ ಪಂಜರದಲ್ಲಿ ಕೂರಿಸಿ ಕ್ರೇನಿನಿಂದ ಎತ್ತುತ್ತಾರೆ.

ಒಂದೂವರೆಗೆ ಕಪ್ಪು ಬಟ್ಟೆಯವರೆಲ್ಲ ಬಂಡೆಯಂಚಿಗೆ ಬಂದು ನಿಂತರು. ಕೆಳಗೆ ದೋಣಿ ಅಲೆಯ ಹಿಂದೆ ಪೂರ್ತಿ ಮರೆಯಾಗಿ, ಮತ್ತೆ ಕಾಣಿಸುತ್ತಿತ್ತು. ಎರಡು ಗಂಟೆಯ ದಾರಿ ಸವೆಸಿ ಬಂದಿತ್ತು.

“ನಕಾಮಾ, ಮೆಲ್ಲಗೆ!” ಶೋಹೇ ಕೂಗಿದ.

“ಮೊಟ್ಟೆ ಎತ್ತಿದ ಹಾಗೆ ಎತ್ತುತೀನಿ. ಬಾಯಿ ಮುಚ್ಕೊಂಡು ನಿಂತ್ಕೊ.”

ಪಂಜರ ಇಳಿಯಿತು. ಮೊದಲ ಅಲೆಗೆ ತಪ್ಪಿತು, ಎರಡನೆಯದಕ್ಕೂ ತಪ್ಪಿತು. ಮೂರನೆಯ ಅಲೆ ದೋಣಿಯನ್ನು ಎತ್ತಿ ಹಿಡಿದ ಕ್ಷಣಕ್ಕೆ ಇಬ್ಬರು ಬೆಸ್ತರು ಮುದುಕಿಯನ್ನು ಒಳಗೆ ದಾಟಿಸಿದರು. ಅಲೆ ಕುಸಿಯಿತು. ದೋಣಿ ಕೆಳಗೆಲ್ಲೋ ಬಿದ್ದುಹೋಯಿತು. ಪಂಜರ ಗಾಳಿಯಲ್ಲಿ ಉಳಿಯಿತು.

ಪಂಜರ ಗಾಳಿಗೆ ತೂಗುತ್ತ, ಅರ್ಧ ಸುತ್ತು ತಿರುಗುತ್ತ ಮೇಲೇರಿತು. ತೊಮೆಯ ಕಪ್ಪು ಕಿಮೋನೊ ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಪಾದದಲ್ಲಿ ಏನೂ ಇರಲಿಲ್ಲ. ಅವಳು ಕೆಳಗಿನ ಕಡಲನ್ನೂ ನೋಡಲಿಲ್ಲ, ಮೇಲಿನ ಜನರನ್ನೂ ನೋಡಲಿಲ್ಲ. ಎದೆಯ ಮಡಿಕೆಯೊಳಗಿಂದ ಸಂಸ್ಕಾರಕ್ಕೆಂದು ತಂದ ಒಂದು ಜೊತೆ ಬಿಳಿ ಕಾಲ್ಚೀಲ ತೆಗೆದಳು. ಒಂದು ಹನಿಯೂ ತಾಗಿರಲಿಲ್ಲ. ಕಡಲಿನ ಮೇಲೆ ತೂಗಾಡುತ್ತಲೇ ಬಗ್ಗಿ, ಒಂದು ಪಾದ ಒರೆಸಿ ಅದಕ್ಕೆ ಹಾಕಿಕೊಂಡು ಹಿಮ್ಮಡಿಯ ಕೊಕ್ಕೆಗಳನ್ನು ಸಿಕ್ಕಿಸಿದಳು. ಆಮೇಲೆ ಇನ್ನೊಂದು ಪಾದವನ್ನು ತೋಳಿನ ಒಣ ತುದಿಯಿಂದ ಒರೆಸತೊಡಗಿದಳು.