ಎರಡು ಚಪ್ಪಾಳೆ

ಹೋಟೆಲು, ಆಸ್ಪತ್ರೆಗಳ ಹಾಸುಬಟ್ಟೆ ಒಗೆಯುವ ಶೆಡ್ಡು ನಮ್ಮದು. ಯಾರ ಯಾರದೋ ಬೆವರು, ವಾಂತಿ, ರಕ್ತ. ಕೈಗವಸು ಕೊಡುತ್ತೇವೆ ಎಂದು ಹೇಳಿ ಎರಡು ವರ್ಷವಾಯಿತು. ಬ್ಲೀಚಿಂಗ್ ನೀರಿಗೆ ಬೆರಳ ಸಂದಿಗಳೆಲ್ಲ ಒಡೆದಿವೆ. ಊಟಕ್ಕೆ ಕೈ ಹಾಕಿದರೆ ಉರಿ.

ನಮ್ಮನ್ನೆಲ್ಲ ಇಲ್ಲಿಗೆ ತಂದವಳು ದೊಡ್ಡಮ್ಮ. ಯಾರಿಗೂ ನೆಂಟಳಲ್ಲ, ಎಲ್ಲರಿಗೂ ದೊಡ್ಡಮ್ಮ. ಮನೆಗೆ ಬಂದವಳು ಅಮ್ಮನ ಮಂಡಿಗೆ ತಾನೇ ಎಣ್ಣೆ ತಿಕ್ಕಿದ್ದಳು. ‘ಹೊಲಿಗೆ ಕೆಲ್ಸ, ಫ್ಯಾನಿನ ಕೆಳಗೆ ಕೂತ್ಕೊಂಡು’ ಎಂದಿದ್ದಳು. ಬಂದ ದಿನವೇ ನಮ್ಮ ಫೋನು, ಗುರುತಿನ ಚೀಟಿ ಶೆಡ್ಡಿನ ಮೂಲೆಯಲ್ಲಿದ್ದ ಅವಳ ಬೀರು ಸೇರಿದವು. ಬೀಗದ ಕೈ ಅವಳ ಕೊರಳಲ್ಲಿ. ದಿನಾ ಸಂಜೆ ಅವಳು ಎರಡು ಸಲ ಚಪ್ಪಾಳೆ ತಟ್ಟುತ್ತಾಳೆ. ನಾವು ಸಾಲಾಗಿ ನಿಂತು ಕೈ ಮೇಲೆತ್ತಬೇಕು. ಒಂದು ಟವೆಲ್ಲೂ ಕಳುವಾಗಬಾರದೆಂದು ಕಂಕುಳು, ಸೊಂಟ ಎಲ್ಲ ತಡವಿ ನೋಡುತ್ತಾಳೆ.

ಹೋದ ಭಾನುವಾರ ನನ್ನನ್ನು ಕರೆದು ತನ್ನ ಫೋನು ಕೊಟ್ಟಳು.

‘ನಾಳೆಯಲ್ಲ, ಮುಂದಿನ ಸೋಮವಾರ ನಿನ್ ತಂಗೀನೂ ಕರ್ಕೊಂಡ್ ಬರ್ತೀನಿ. ಚೆನ್ನಾಗಿದೀನಿ ಅಂತ ಹೇಳು. ಇಲ್ಲಾಂದ್ರೆ ನಿನ್ ಚೀಟಿ ಒಲೆಗೆ.’

ಹೇಳಿದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ. ‘ಇಲ್ಲಿ ಸುಖವಾಗಿದೀನಿ ಪುಟ್ಟಿ, ನೀನೂ ಬಾ’ ಎಂದೆ. ಅವತ್ತಿನಿಂದ ನನ್ನ ಎಂಜಲು ನನಗೇ ಹೇಸಿಗೆ.

ಶನಿವಾರ ಮಧ್ಯಾಹ್ನ ಕಾರ್ಮಿಕ ಇಲಾಖೆಯ ಸಾಹೇಬರು ಒಂದು ನಾಟಕದ ತಂಡವನ್ನೂ ಒಬ್ಬ ಫೋಟೋದವನನ್ನೂ ಕರೆತಂದರು. ಮನುಷ್ಯರನ್ನು ಸಾಗಿಸಿ ಮಾರುವವರ ಬಗ್ಗೆ ಜಾಗೃತಿಯಂತೆ. ಒದ್ದೆ ಬಟ್ಟೆಯ ರಾಶಿ ಸರಿಸಿ ನಲವತ್ತು ಹೆಂಗಸರನ್ನು ನೆಲದಲ್ಲಿ ಕೂರಿಸಿದರು. ಮುಂದಿನ ಕುರ್ಚಿಯಲ್ಲಿ ಸಾಹೇಬರು, ಪಕ್ಕದಲ್ಲಿ ದೊಡ್ಡಮ್ಮ. ಇಬ್ಬರ ನಡುವೆ ಬಿಸ್ಕತ್ತಿನ ತಟ್ಟೆ.

‘ಇಂಥದೆಲ್ಲ ಎಲ್ಲೋ ದೂರ ನಡೀತಿರುತ್ತೆ. ನೀವು ಹುಷಾರಾಗಿರ್ಬೇಕು, ತಾಯಂದಿರೇ’ ಎಂದರು ಸಾಹೇಬರು.

ನಾಟಕದ ದಲ್ಲಾಳಿಗೆ ಇದ್ದಿಲಿನಲ್ಲಿ ಬರೆದ ದಪ್ಪ ಮೀಸೆ. ನಮಗೆ ನಗು ಬಂತು. ನಮ್ಮನ್ನು ತಂದವಳಿಗೆ ಮೀಸೆಯಿರಲಿಲ್ಲ. ದೊಡ್ಡಮ್ಮ ಕರವಸ್ತ್ರದಲ್ಲಿ ಕಣ್ಣೊರೆಸುತ್ತ, ‘ಥೂ, ಪಾಪಿ’ ಎನ್ನುತ್ತಿದ್ದಳು.

ಆಗ ಮೀಸೆಯವನು ನಾಟಕದ ಹುಡುಗಿಯರನ್ನು ಕರೆಯಲು ಎರಡು ಸಲ ಚಪ್ಪಾಳೆ ತಟ್ಟಿದ.

ನಾವು ಎದ್ದುಬಿಟ್ಟೆವು. ನಲವತ್ತು ಜನವೂ. ಸಾಲಾಗಿ ನಿಂತು ಕೈ ಮೇಲೆತ್ತಿದೆವು. ನಾನೂ ಎತ್ತಿದ್ದೆ.

ಮೀಸೆಯವನು ಮಾತು ಮರೆತು ನಿಂತ. ಸಾಹೇಬರು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಕೇಳಿದರು: ‘ಇದೂ ನಾಟಕದಲ್ಲೇ ಇದ್ಯಾ? ತುಂಬಾ ಚೆನ್ನಾಗಿದೆ. ಹಾಗೇ ನಿಂತಿರಿ, ಒಂದು ಫೋಟೋ ತಗೊಳ್ಳಲಿ.’

ನನ್ನ ಹಿಂದೆ ಇಸ್ತ್ರಿ ಅತ್ತೆ ನಿಂತಿದ್ದಳು. ಇಸ್ತ್ರಿ ಮೇಜಿನ ಮುಂದೆಯೇ ಕೂದಲು ಬೆಳ್ಳಗಾದವಳು.

‘ಅತ್ತೆ, ಕೈ ಇಳಿಸು’ ಎಂದೆ.

‘ಅವಳಿನ್ನೂ ತಡವಿಲ್ವಲ್ಲೇ’ ಎಂದಳು.

ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಸಾಲು ಬಿಟ್ಟು ನೇರ ಮೀಸೆಯವನ ಹತ್ತಿರ ಹೋದೆ.

‘ಅಣ್ಣ, ಒಂಚೂರು ನಿನ್ ಫೋನ್ ಕೊಡು.’

ಅವನು ಜೇಬಿನಿಂದ ತೆಗೆದುಕೊಟ್ಟ. ಮನೆಯ ನಂಬರು ನನಗೆ ಬಾಯಿಪಾಠ. ದೊಡ್ಡಮ್ಮ ಕುರ್ಚಿ ಬಿಟ್ಟು ಎದ್ದಳು. ‘ಏಯ್, ಏನೇ ಅದು? ಇಡು ಕೆಳಗೆ.’

ತಂಗಿಯೇ ಎತ್ತಿದಳು.

‘ಪುಟ್ಟಿ, ಸೋಮವಾರ ಬರಬೇಡ. ದೊಡ್ಡಮ್ಮ ಬಂದ್ರೆ ಬಾಗಿಲು ತೆಗೀಬೇಡ.’

‘ಅವತ್ತು ಸುಖವಾಗಿದೀನಿ ಅಂದ್ಯಲ್ಲಕ್ಕ?’

‘ಸುಳ್ಳು ಕಣೆ. ಅವಳು ಪಕ್ಕದಲ್ಲೇ ಕೂತು ಹೇಳಿಸಿದ್ಲು. ಹೇಳಿದ್ದು ಮಾತ್ರ ನಾನೇ. ನಮ್ ಫೋನು, ಚೀಟಿ ಎಲ್ಲ ಅವಳ ಬೀರಲ್ಲಿದೆ. ಊರಲ್ಲಿ ಎಲ್ಲರಿಗೂ ಹೇಳು.’

ಶೆಡ್ಡಿನಲ್ಲಿ ಯಂತ್ರದ ಸದ್ದಿರಲಿಲ್ಲ. ನನ್ನ ಮಾತು ಎಲ್ಲರಿಗೂ ಕೇಳಿಸಿತು. ಸಾಹೇಬರಿಗೂ ಕೇಳಿಸಿತು. ಅವರು ಉಳಿದ ಬಿಸ್ಕತ್ತು ಜೇಬಿಗೆ ಹಾಕಿಕೊಂಡು ಫೋಟೋದವನಿಗೆ ಸನ್ನೆ ಮಾಡಿದರು. ‘ಇದು ನಿಮ್ನಿಮ್ಮ ಒಳಗಿನ ವಿಷಯ. ನಮ್ದು ಬರೀ ನಾಟಕದ ಕಾರ್ಯಕ್ರಮ’ ಎಂದು ಜೀಪಿನ ಕಡೆ ನಡೆದರು. ಆ ಮುಖಕ್ಕೆ ಉಗಿಯಬೇಕಿತ್ತು. ಬಾಯಿ ಒಣಗಿತ್ತು.

ದೊಡ್ಡಮ್ಮ ನಮ್ಮ ಕಡೆ ತಿರುಗಿ ಎರಡು ಸಲ ಚಪ್ಪಾಳೆ ತಟ್ಟಿದಳು.

ಇಸ್ತ್ರಿ ಅತ್ತೆ ಕೈ ಇಳಿಸಿದಳು. ಒಬ್ಬೊಬ್ಬರಾಗಿ ಎಲ್ಲರೂ ಇಳಿಸಿದರು. ಸಾಲು ಮಾತ್ರ ಕದಡಲಿಲ್ಲ. ಹಾಗೇ ತಿರುಗಿ ಬೀರುವಿನ ಮುಂದೆ ಹೋಗಿ ನಿಂತಿತು.

‘ಬೀಗ ತೆಗಿ’ ಎಂದಳು ಅತ್ತೆ.

ದೊಡ್ಡಮ್ಮ ಮತ್ತೆ ತಟ್ಟಿದಳು. ಒಂದು ಕೈಯೂ ಮೇಲೇಳಲಿಲ್ಲ.