ಹದಿನೆಂಟು ಹೊಲಕ್ಕೆ ಒಂದು ಬಲೆ

"ಒಡದು ನೋಡು," ಎಂದು ತಿಮ್ಮವ್ವ ಹತ್ತಿಯ ಕಾಯೊಂದನ್ನು ಅಕ್ಕನ ಮಗಳು ಪರಿಮಳಾಳ ಅಂಗೈಗೆ ತುರುಕಿದಳು.

ಹೊರಗೆ ಚೆಂದವಿದ್ದ ಕಾಯಿ. ಉಗುರಿನಿಂದ ಸೀಳಿದರೆ ಒಳಗೆ ಕಂದು ಗಸಿ, ಹಿಕ್ಕೆ, ನಡುವೆ ಹೊರಳಾಡುವ ಗುಲಾಬಿ ಹುಳ. ಪರಿಮಳಾ ಕೈ ಕೊಡವಿದಳು.

"ಹುಳ ಬಂದಾವೇನು ಅಂತ ದಿನಾ ಕೇಳಿದ್ನಿ. ಇಲ್ಲ ಚಿಗವ್ವ ಅಂದಿ. ಅದಕ್ಕ ಹುಳದ ಎಣ್ಣಿ ಹೊಡೀಲಿಲ್ಲ. ಈಗ ಎರಡ ಎಕರೆದಾಗ ಒಂದ ಕಾಯಿನೂ ನೆಟ್ಟಗಿಲ್ಲ."

ಪರಿಮಳಾಳ ಕೆಲಸವೇ ಹುಳ ಎಣಿಸುವುದು. ದೇವಾಪುರದ ಸುತ್ತಿನ ಹದಿನೆಂಟು ಹೊಲಗಳಲ್ಲಿ ಕೋಲಿಗೆ ಕಟ್ಟಿದ ಬಲೆಗಳಿವೆ. ಮದ್ದಿನ ವಾಸನೆಗೆ ಈ ಹುಳದ ಪತಂಗಗಳು ಬಂದು ಅವುಗಳ ಚೀಲಕ್ಕೆ ಬೀಳುತ್ತವೆ. ಹೊಲದಲ್ಲೇ ನಿಂತು ಎಣಿಸಿ, ಫೋಟೊ ತೆಗೆದು ಮೊಬೈಲಿಗೆ ಹಾಕಿದರೆ ಇಡೀ ಲೋಕದ ನಕಾಶೆಯಲ್ಲಿ ಆ ಹೊಲಕ್ಕೊಂದು ಚುಕ್ಕೆ. ಹುಳ ಹೆಚ್ಚಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಈಜಿಪ್ತಿನಲ್ಲಿ ಕುಂತವನೂ ದೇವಾಪುರದ ಹುಳ ನೋಡಬಹುದೆಂದು ಸೂಪರ್‌ವೈಜರ್ ತಿರುಪತಿ ಎದೆಯುಬ್ಬಿಸಿ ಹೇಳಿದ್ದ.

ಕೊಳೆತ ಪತಂಗಗಳ ನಾತಕ್ಕೆ ಮೂರನೇ ದಿನವೇ ಅವಳು ವಾಂತಿ ಮಾಡಿಕೊಂಡಳು. ಆಗ ಆ ಮಹಾಶಯನೇ ಹೊಸ ಖಾಲಿ ಬಲೆಯೊಂದನ್ನು ಕೈಗಿಟ್ಟ. "ಇದನ್ನ ಬದುವಿಗೆ ಹಿಡಿ, ಫೋಟೊ ಹೊಡಿ, ಸೊನ್ನಿ ಹಾಕು. ಕೆಂಪು ಬಂದ್ರ ಮ್ಯಾಲಿನವ್ರು ನನ್ನ ಜೀವ ತಿಂತಾರ."

ಅಂದಿನಿಂದ ಅವಳನ್ನು ಹೊಲಗಳಿಗೆ ಒಯ್ಯುವ ಮೈನುದ್ದೀನನ ಆಟೋದಲ್ಲಿ ಅದೊಂದೇ ಬಲೆ ಮದುವಣಗಿತ್ತಿಯಂತೆ ಚೊಕ್ಕವಾಗಿ ಹದಿನೆಂಟು ಹೊಲ ಸುತ್ತುತ್ತಿತ್ತು. ಥೂ! ಹುಳಕ್ಕಿಂತ ಹೇಸಿಗೆಯ ಕೆಲಸ.

"ಆ ಮೊಬೈಲದಾಗ ನನ್ನ ಹೊಲ ತೋರಸು," ಎಂದಳು ತಿಮ್ಮವ್ವ.

ಪರಿಮಳಾ ಮೊಬೈಲು ಚಾಚಿದಳು. ಹಸಿರು ಚುಕ್ಕೆ.

"ಛಲೋ ಕಾಣಾಕತ್ತೈತಿ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಪರಿಮಳಾಳಿಗೆ ತನ್ನ ಮೇಲೆ ಇಷ್ಟು ಅಸಹ್ಯ ಹುಟ್ಟುತ್ತಿರಲಿಲ್ಲ.

ಅವಳು ಹೊಲದ ನಡುವಿಗೆ ಹೋಗಿ ಅಲ್ಲಿದ್ದ ನಿಜವಾದ ಬಲೆ ಬಿಚ್ಚಿದಳು. ತಿಂಗಳಿಂದ ಯಾರೂ ಮುಟ್ಟದ ಚೀಲ ತುಂಬಿ ಜೋತುಬಿದ್ದಿತ್ತು. ಓಢಣಿ ಹಾಸಿ ಸುರುವಿದಳು: ಅಂಟಂಟು ಕಪ್ಪು ಮುದ್ದೆ, ಉದುರಿದ ರೆಕ್ಕೆ, ಇರುವೆ. ನಾತ ಗಂಟಲಿಗೇ ಇಳಿಯಿತು. ಬೆರಳು ಹಾಕಿ ಒಂದೊಂದೇ ಬಿಡಿಸಿ ಎಣಿಸತೊಡಗಿದಳು.

ನಲವತ್ತು ಎಣಿಸುವಷ್ಟರಲ್ಲಿ ತಿರುಪತಿಯ ಫೋನು ಬಂತು. "ಇವತ್ತಿನ ಸೊನ್ನಿ ಇನ್ನಾ ಬಂದಿಲ್ಲಲ್ಲ, ಏನ್ ಮಾಡಾಕತ್ತಿ?"

"ಎಣಸಾಕತ್ತೇನ್ರಿ."

"ಕೆಲಸ ಬೇಕೋ ಬ್ಯಾಡೋ ನಿನಗ?"

ಅವಳು ಫೋನನ್ನು ಮಣ್ಣಿನ ಮೇಲೆ ಬೋರಲು ಹಾಕಿದಳು. ಅದು ಅಲ್ಲೇ ಗುಂಯ್‌ಗುಡುತ್ತಿತ್ತು. ನಲವತ್ತೊಂದು. ನಲವತ್ತೆರಡು.

ತಿಮ್ಮವ್ವ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. ಮೂಗಿಗೆ ಸೆರಗು ಹಿಡಿಯಲಿಲ್ಲ. ಮುದ್ದೆಯಿಂದ ಒಂದು ಹಿಡಿ ತನ್ನ ಕಡೆ ಎಳೆದುಕೊಂಡಳು.